ಒಂದೇ ಮದ್ದು, ಎರಡು ಅಳತೆ

ತರಗತಿಯಲ್ಲಿ ಎದ್ದು ಮಾತನಾಡಲು ಹಿಂಜರಿಯುವುದು ಸಂಕೋಚ. ಆ ಭಯ ತಿಂಗಳುಗಟ್ಟಲೆ ಕಾಡಿ, ಓದು, ಕೆಲಸ, ಗೆಳೆತನಗಳನ್ನು ಕಸಿದುಕೊಂಡರೆ ಅದು ಸಾಮಾಜಿಕ ಆತಂಕದ ಕಾಯಿಲೆ. ಇದಕ್ಕೆ ಯಾವ ಔಷಧಿ ಮೇಲು? 2014ರಲ್ಲಿ 'ಲ್ಯಾನ್ಸೆಟ್ ಸೈಕಿಯಾಟ್ರಿ' ಪತ್ರಿಕೆಯಲ್ಲಿ ಮೇಯೊ-ವಿಲ್ಸನ್ ಮತ್ತು ಸಂಗಡಿಗರು ಇದಕ್ಕೆ ಉತ್ತರ ನೀಡಲು ಯತ್ನಿಸಿದರು. 101 ಪ್ರಯೋಗಗಳು, 13,164 ಮಂದಿ. ಎಂದೂ ಮುಖಾಮುಖಿಯಾಗದ ಎರಡು ಚಿಕಿತ್ಸೆಗಳನ್ನು, ಎರಡರೊಡನೆಯೂ ಹೋಲಿಕೆಗೊಂಡ ಮೂರನೆಯದರ ಮೂಲಕ ತೂಗಿದ್ದು ಈ ವಿಶ್ಲೇಷಣೆಯ ಹಿರಿಮೆ.

ಗುಂಪುಗಳ ಸರಾಸರಿಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಪರಿಣಾಮದ ಗಾತ್ರ ಸಿಗುತ್ತದೆ. ಚಿಕಿತ್ಸೆಗಾಗಿ ಸುಮ್ಮನೆ ಕಾಯುತ್ತಿದ್ದವರಿಗೆ ಹೋಲಿಸಿದಾಗ ಫೀನೆಲ್ಜಿನ್‌ನಂಥ ಎಂ.ಎ.ಓ. ನಿರೋಧಕಗಳಿಗೆ 1.01, ಬೆಂಜೋಡಯಾಜೆಪೀನ್‌ಗಳಿಗೆ 0.96, ಪ್ಯಾರಾಕ್ಸಿಟಿನ್, ಸರ್ಟ್ರಾಲಿನ್, ವೆನ್ಲಾಫ್ಯಾಕ್ಸಿನ್‌ಗಳಿರುವ ಗುಂಪಿಗೆ 0.91.

ಇದನ್ನು ಅಂಕಪಟ್ಟಿಯಂತೆ ಓದಿದರೆ ಎಡವುತ್ತೇವೆ. ಮೊದಲ ಗುಂಪಿನ ನಿಜಬೆಲೆ 0.45ರಿಂದ 1.56ರ ನಡುವೆ ಎಲ್ಲಿಯಾದರೂ ಇರಬಹುದು, ಮೂರನೆಯದರದ್ದು 0.60ರಿಂದ 1.23. ಹೀಗೆ ಒಂದರ ಮೇಲೊಂದು ಹರಡಿಕೊಂಡಿರುವಾಗ ಯಾವುದು ಮುಂದು ಎಂದು ಹೇಳಲಾಗದು. ಅಡ್ಡಪರಿಣಾಮಗಳೂ ಈ ಅಂಕಿಗಳಲ್ಲಿ ಕಾಣುವುದಿಲ್ಲ. ಫೀನೆಲ್ಜಿನ್ ಸೇವಿಸುವವರು ಹಳೆಯ ಗಿಣ್ಣು ತಿಂದರೆ ಅದರ ಟೈರಮಿನ್‌ನಿಂದ ರಕ್ತದೊತ್ತಡ ಅಪಾಯಕರವಾಗಿ ಏರಬಹುದು. ಬೆಂಜೋಡಯಾಜೆಪೀನ್‌ಗಳು ಚಟವಾಗಬಲ್ಲವು.

ಇನ್ನೂ ಮುಖ್ಯವಾದುದು ಅಳತೆಯ ಆರಂಭಬಿಂದು. ಮೂರನೆಯ ಗುಂಪನ್ನೇ ಹುಸಿಮಾತ್ರೆಗೆ ಹೋಲಿಸಿದಾಗ 0.91 ಇದ್ದದ್ದು 0.44ಕ್ಕೆ ಇಳಿಯುತ್ತದೆ. ಮದ್ದು ಬದಲಾಗಿಲ್ಲ, ಹೋಲಿಕೆ ಬದಲಾಗಿದೆ. ಉಳಿದ ಭಾಗ ನಿರೀಕ್ಷೆ, ವೈದ್ಯರ ಗಮನ ಇತ್ಯಾದಿಗಳದ್ದು. ಎರಡೂ ಅಂಕಿಗಳನ್ನು ಲೇಖಕರು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ದೊಡ್ಡದನ್ನೇ ಹೆಕ್ಕಿ ಹೇಳುವವರ ಬಗ್ಗೆ ನಾವು ಎಚ್ಚರದಿಂದಿರಬೇಕು.

ವೈಯಕ್ತಿಕ ಅರಿವು-ವರ್ತನಾ ಚಿಕಿತ್ಸೆಯೇ ಮೊದಲ ಆಯ್ಕೆ, ಅದನ್ನು ಬಯಸದವರಿಗೆ ಎಸ್.ಎಸ್.ಆರ್.ಐ. ಔಷಧಿಗಳು ಎಂಬುದು ಲೇಖಕರ ತೀರ್ಮಾನ. ಆದರೆ ಆ ಚಿಕಿತ್ಸೆಯ 1.19 ಕೂಡ ಕಾಯುವವರ ಎದುರಿನ ಅಂಕಿ. ಹುಸಿ ಮನೋಚಿಕಿತ್ಸೆಯ ಎದುರು ಅದು 0.56. ಮಾತ್ರೆಯ 0.44ನ್ನು ಇದರ ಪಕ್ಕದಲ್ಲಿಟ್ಟು ಗೆಲುವು ಘೋಷಿಸುವುದೂ ಸರಿಯಲ್ಲ, ಏಕೆಂದರೆ ಎದುರಾಳಿಗಳು ಬೇರೆ.

ಯಾರಿಗೆ ಯಾವ ಔಷಧಿ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮನೋವೈದ್ಯರು ನಿರ್ಧರಿಸಬೇಕು. ವಿಜ್ಞಾನದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಒಂದಿದೆ: 'ಎಷ್ಟು ಉತ್ತಮ' ಎನ್ನುವ ಮೊದಲು, 'ಯಾವುದಕ್ಕಿಂತ?'