ಆಕಾಂಕ್ಷೆಯೂ ಯೋಗ್ಯತೆಯೂ
ಆಟಿಯ ಮಳೆ ಹಿಡಿದು ಕೂತಿತೆಂದರೆ ನಿಟ್ಟೆಯಲ್ಲಿ ಮೊದಲು ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ನೆಟ್ಟೂ ಹೋಗುತ್ತದೆ. ಬ್ಯಾಟರಿ ಮುಗಿಯುವ ಮುನ್ನ ಲ್ಯಾಬಿನ ಪ್ರೋಗ್ರಾಮನ್ನು ಮುಗಿಸಬೇಕೆಂದು ಕುಳಿತ ವಿದ್ಯಾರ್ಥಿಗೆ ಅಂಥ ಹೊತ್ತಿನಲ್ಲಿ ಗುರುವೂ ಗ್ರಂಥವೂ ಆಗಿ ಒದಗತಕ್ಕದ್ದು ಭಾಷೆಯ ಒಡಲಲ್ಲಿಯೇ ಅಡಕವಾಗಿರುವ ಹೆಲ್ಪ್ ಒಂದೇ. 1986ರಲ್ಲಿ ಇಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದಂದಿನಿಂದ ಎಷ್ಟು ತಲೆಮಾರುಗಳು ಪ್ರೋಗ್ರಾಮಿಂಗ್ ಕಲಿತು ಹೋದವೋ! ಆದರೆ ಈ ಹೆಲ್ಪ್ ಎಂಬುದೂ ಒಂದು ಬರವಣಿಗೆಯೇ, ಅದರಲ್ಲಿಯೂ ಗುಣದೋಷಗಳುಂಟು ಎಂದು ಭಾವಿಸಿ ಅದನ್ನು ತೂಗಿ ನೋಡಿದವರು ನನಗೆ ಕಾಣಸಿಗಲಿಲ್ಲ.

ತೂಗುವುದಕ್ಕೆ ತಕ್ಕಡಿ ನಮ್ಮಲ್ಲೇ ಇದೆ. ಉಡುಪಿಯ ಸಂಸ್ಕೃತ ಕಾಲೇಜಿನಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಎಳೆಯನೂ ಬಲ್ಲಂತೆ, ವಾಕ್ಯದಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಕೂಡಿರಬೇಕು. ಒಂದು ಪದ ಮತ್ತೊಂದನ್ನು ಬೇಡುವುದು ಆಕಾಂಕ್ಷೆ. ಬೇಡಿದ ಸ್ಥಾನಕ್ಕೆ ಬಂದದ್ದು ಅಲ್ಲಿ ಕೂರಲು ತಕ್ಕದ್ದಾಗಿರುವುದು ಯೋಗ್ಯತೆ, ಬೆಂಕಿಯಿಂದ ಗಿಡವನ್ನು ನೆನೆಸಿದನೆಂದರೆ ವಿಭಕ್ತಿಗಳೆಲ್ಲ ಸರಿಯಾಗಿದ್ದರೂ ಅರ್ಥ ಕೂಡುವುದಿಲ್ಲವಷ್ಟೆ. ಪದಗಳನ್ನು ಪ್ರಹರಕ್ಕೊಂದರಂತೆ ಉಚ್ಚರಿಸದೆ ಒಟ್ಟಿಗೆ ನುಡಿಯುವುದು ಸನ್ನಿಧಿ. ಫಂಕ್ಷನ್ನೂ ಒಂದು ಕ್ರಿಯಾಪದವೇ. ಅದಕ್ಕೆ ಎಷ್ಟು ಪದಾರ್ಥಗಳು ಬೇಕೆಂಬುದು ಅದರ ಆಕಾಂಕ್ಷೆ. ಅವು ಯಾವ ಜಾತಿಯವಾಗಿರಬೇಕು, ಫಲವಾಗಿ ಬರುವುದು ಯಾವ ಜಾತಿಯದು ಎಂಬ ಟೈಪಿನ ವಿಚಾರವು ಯೋಗ್ಯತೆ.

ನಮ್ಮ ಕಾಲೇಜುಗಳ ಲ್ಯಾಬುಗಳನ್ನು ಬಹುಕಾಲ ಆಳಿದ ಟರ್ಬೊ ಸಿಯ ನೀಲಿ ಪರದೆಯನ್ನು ಈಗ ಪರಿಹಾಸ ಮಾಡುವವರೇ ಹೆಚ್ಚು. ಆದರೂ ಹೆಸರಿನ ಮೇಲೆ ಕರ್ಸರನ್ನಿಟ್ಟು ಕಂಟ್ರೋಲ್ ಎಫ್ ಒನ್ ಒತ್ತಿದೊಡನೆ, ಸ್ಟ್ರಿಂಗ್‌ಲೆನ್ ಅಕ್ಷರಮಾಲೆಯ ವಿಳಾಸವೊಂದನ್ನು ಕೊಳ್ಳುವುದು, ಆ ಮಾಲೆಯನ್ನು ತಾನು ತಿದ್ದದು, ಪ್ರತಿಯಾಗಿ ಒಂದು ಪರಿಮಾಣವನ್ನು ಕೊಡುವುದು ಎಂಬಿಷ್ಟನ್ನೂ ಒಂದೇ ಪಂಕ್ತಿಯಲ್ಲಿ ಸೂತ್ರಪ್ರಾಯವಾಗಿ ಹೇಳಿ, ಕೆಳಗೆ ವಿವರಣೆಯನ್ನೂ ಉದಾಹರಣೆಯನ್ನೂ ಇರಿಸುತ್ತಿದ್ದ ಆ ಪುಟದ ಶಿಸ್ತು ಮೆಚ್ಚತಕ್ಕದ್ದು. ಕೀರ್ತಿಯೆಲ್ಲ ಬರೆದವರಿಗೇ ಸಲ್ಲದು; ಟೈಪನ್ನು ಘೋಷಿಸದೆ ಮುಂದಡಿಯಿಡಲು ಸಿ ಭಾಷೆಯೇ ಬಿಡುವುದಿಲ್ಲ.

ಪೈಥಾನಿನ ಮಾರ್ಗ ಬೇರೆ. 1991ರಲ್ಲಿ ಗಿಡೊ ವಾನ್ ರೋಸಮ್ ಲೋಕಕ್ಕಿತ್ತ ಈ ಭಾಷೆ ಟೈಪನ್ನು ಪ್ರೋಗ್ರಾಮು ಓಡುವಾಗ ಮಾತ್ರ ವಿಚಾರಿಸುತ್ತದೆ. ಅದರ ಹೆಲ್ಪಿನಲ್ಲಿ ಲೆನ್ ಎಂಬುದನ್ನು ಕೇಳಿದರೆ, ಆವರಣದೊಳಗೆ ಆಬ್ಜೆಕ್ಟ್ ಎಂಬರ್ಥದ ಮೂರಕ್ಷರ, ಅದರ ಪಕ್ಕದಲ್ಲಿ ಒಂದು ಓರೆಗೆರೆ, ಕೆಳಗೆ ಕಂಟೈನರಿನಲ್ಲಿರುವ ವಸ್ತುಗಳ ಸಂಖ್ಯೆಯನ್ನು ಹಿಂದಿರುಗಿಸುವುದೆಂಬ ಒಂದು ವಾಕ್ಯ; ಇಷ್ಟೇ. (ಆ ಓರೆಗೆರೆಯನ್ನು ಭಾಗಾಕಾರದ ಚಿಹ್ನೆಯೆಂದು ತಿಳಿದವರನ್ನು ಕಂಡಿದ್ದೇನೆ, ಅದರ ಹಿಂದಿನವನ್ನು ಹೆಸರು ಹೇಳದೆ ಸ್ಥಾನಕ್ರಮದಿಂದಲೇ ಕೊಡಬೇಕೆಂಬ ಅದರ ಅರ್ಥವನ್ನು ಪುಟವು ಎಲ್ಲಿಯೂ ಬಿಡಿಸುವುದಿಲ್ಲ.) ಆಕಾಂಕ್ಷೆ ತಿಳಿಯಿತು, ಯೋಗ್ಯತೆ ತಿಳಿಯಲಿಲ್ಲ. ಐದು ಎಂಬ ಸಂಖ್ಯೆಯನ್ನು ಕೊಟ್ಟು ನೋಡಿದಾಗಲೇ ಅದಕ್ಕೆ ಉದ್ದವಿಲ್ಲವೆಂದು ಭಾಷೆ ಮುನಿಯುತ್ತದೆ. ಇದಕ್ಕಿಂತ ಕ್ಲೇಶಕರವಾದದ್ದು ಲಿಸ್ಟಿನ ಎರಡು ಕ್ರಿಯೆಗಳ ಕಥೆ. ಸಾರ್ಟ್ ಎಂಬುದು ಪಟ್ಟಿಯನ್ನು ಇದ್ದಲ್ಲಿಯೇ ಜೋಡಿಸಿ, ಶೂನ್ಯಪ್ರಾಯವಾದ ನನ್ ಎಂಬುದನ್ನು ಹಿಂದಿರುಗಿಸುತ್ತದೆಂದು ಹೆಲ್ಪ್ ಸ್ಪಷ್ಟವಾಗಿ ನುಡಿಯುತ್ತದೆ. ಅದರ ಒಡಹುಟ್ಟಾದ ಅಪೆಂಡೂ ಹಿಂದಿರುಗಿಸುವುದು ಅದನ್ನೇ ಆದರೂ, ವಸ್ತುವನ್ನು ಪಟ್ಟಿಯ ತುದಿಗೆ ಸೇರಿಸುವುದೆಂದಷ್ಟೇ ಹೇಳಿ ಮೌನವಹಿಸುತ್ತದೆ. ಅಪೆಂಡಿನ ಫಲವನ್ನು ಮತ್ತೆ ಅದೇ ಪಟ್ಟಿಯ ಹೆಸರಿಗೆ ಬರೆದು, ಇದ್ದ ಪಟ್ಟಿಯನ್ನೂ ಕಳೆದುಕೊಂಡು ಬೆರಗಾಗಿ ಕುಳಿತ ಹುಡುಗನಿಗೆ ಆ ಪುಟದಿಂದ ಏನು ಸಮಾಧಾನ ದೊರಕೀತು?

ತಿಳಿವಳಿಕೆಯೇ ಇಲ್ಲದೆ ಹೀಗಾಗಿದ್ದರೆ ಕ್ಷಮಿಸಬಹುದಿತ್ತು. 2015ರ 3.5ನೆಯ ಆವೃತ್ತಿಯಿಂದೀಚೆಗೆ ಟೈಪ್ ಸೂಚನೆಗಳಿಗೆ ಶಾಸ್ತ್ರೋಕ್ತ ಸ್ಥಾನ ದೊರೆತಿದೆ. ವಿದ್ಯಾರ್ಥಿಯೇ ತನ್ನ ಫಂಕ್ಷನ್ನಿಗೆ ಅವನ್ನು ಬರೆದರೆ ಹೆಲ್ಪ್ ಯಥಾವತ್ತಾಗಿ ತೋರಿಸುತ್ತದೆ. ಭಾಷೆಯ ಸ್ವಂತ ಫಂಕ್ಷನ್ನುಗಳ ಟೈಪುಗಳಾದರೋ ಟೈಪ್‌ಶೆಡ್ ಎಂಬ ಪ್ರತ್ಯೇಕ ಭಂಡಾರದಲ್ಲಿ ಸಂಗ್ರಹಗೊಂಡು ತಪಾಸಣೆಯ ಸಲಕರಣೆಗಳಿಗೆ ಒದಗುತ್ತವೆ. ಅಪೆಂಡ್ ಏನನ್ನು ಹಿಂದಿರುಗಿಸುವುದೆಂಬುದೂ ಅಲ್ಲಿ ದಾಖಲಾಗಿದೆ. ಹೆಲ್ಪ್ ಮಾತ್ರ ಆ ಕಡೆ ತಿರುಗಿಯೂ ನೋಡದು. ಯೋಗ್ಯತೆ ಉಂಟು, ಸನ್ನಿಧಿ ಇಲ್ಲ. ಒಂದು ಪ್ರಹರದ ಮಾತಿಗೆ ಇನ್ನೊಂದು ಪ್ರಹರದಲ್ಲಿ ಪೂರಣ. ಮನೆಯ ಯಜಮಾನನೇ ತನ್ನ ಮನೆಯ ಗೋತ್ರಪ್ರವರವನ್ನು ಪರರ ಪೆಟ್ಟಿಗೆಯಲ್ಲಿರಿಸಿ ಬಂದವರ ಮುಂದೆ ತಡವರಿಸುವ ಈ ವ್ಯವಸ್ಥೆಯನ್ನು ನಾನು ಒಪ್ಪಲಾರೆ.

ಹಾಗೆಂದು ಟೈಪನ್ನು ಸಂಪೂರ್ಣವಾಗಿ ಬರೆದೊಡನೆ ಪುಟವು ಬೆಳಗುವುದೆಂದೂ ಅಲ್ಲ. ಹ್ಯಾಸ್ಕೆಲ್ ಭಾಷೆಯಲ್ಲಿ ಲೆಂಗ್ತ್ ಎಂಬುದರ ಟೈಪು ಹಿಂದೆ ‘ಯಾವುದಾದರೂ ವಸ್ತುಗಳ ಪಟ್ಟಿಯನ್ನು ಕೊಂಡು ಪೂರ್ಣಾಂಕವನ್ನು ಕೊಡುವುದು’ ಎಂದು ಸುಲಭವಾಗಿ ಓದಿಸಿಕೊಳ್ಳುತ್ತಿತ್ತು. 2015ರಲ್ಲಿ ಅದನ್ನು ವ್ಯಾಪಕಗೊಳಿಸಿ, ಪಟ್ಟಿಯ ಸ್ಥಾನದಲ್ಲಿ ಫೋಲ್ಡಬಲ್ ಎಂಬ ಅಮೂರ್ತ ಕುಲವನ್ನು ಕೂರಿಸಿದರು. ಪಂಡಿತರಿಗೆ ಅದು ನಿಷ್ಕೃಷ್ಟ, ಹೊಸಬನಿಗೆ ಕಗ್ಗತ್ತಲೆ.

ಟೈಪು ತಲಪದ ಮೂಲೆಗಳೂ ಇವೆ. ಪೈಥಾನಿನ ಫೈಂಡ್ ಹುಡುಕಿದ್ದು ಸಿಕ್ಕರೂ ಸಿಕ್ಕದಿದ್ದರೂ ಪೂರ್ಣಾಂಕವನ್ನೇ ಕೊಡುತ್ತದೆ. ಸಿಕ್ಕದಿದ್ದರೆ ಅದು ಋಣ ಒಂದು. ಕಾರ್ಕಳ ಎಂಬುದರಲ್ಲಿ ಪಕಾರವನ್ನು ಹುಡುಕಿ, ದೊರೆತ ಋಣ ಒಂದನ್ನೇ ಸ್ಥಾನಸಂಖ್ಯೆಯೆಂದು ಬಗೆದು ಅಲ್ಲಿರುವುದೇನೆಂದು ಕೇಳಿದರೆ, ಕೊನೆಯಿಂದ ಎಣಿಸುವ ಪೈಥಾನು ಯಾವ ಆಕ್ಷೇಪಣೆಯೂ ಇಲ್ಲದೆ ಳಕಾರವನ್ನು ಕೈಗಿಡುತ್ತದೆ. ಈ ಋಣ ಒಂದರ ಎಚ್ಚರಿಕೆಯನ್ನು ಹೆಲ್ಪ್ ಕಟ್ಟಕಡೆಯ ವಾಕ್ಯದಲ್ಲಿ ಹೇಳುತ್ತದೆ; ಹೇಳಿದ್ದೇ ಉಪಕಾರ. ಲೆನ್ ಎಂಬುದರ ಪುಟದಲ್ಲಿ ಅಷ್ಟೂ ಇಲ್ಲ. ನಿಟ್ಟೆ ಎಂಬ ಎರಡಕ್ಷರದ ಹೆಸರನ್ನು ಅದಕ್ಕೆ ಕೊಟ್ಟರೆ ಬರುವ ಉತ್ತರ 6: ನಕಾರ, ಗುಡಿಸು, ಎರಡು ಟಕಾರ, ನಡುವಣ ವಿರಾಮ, ಕೊನೆಯ ಎತ್ವ, ಇವೆಲ್ಲವೂ ಯೂನಿಕೋಡಿನಲ್ಲಿ ಬೇರೆಬೇರೆ ವಸ್ತುಗಳು. ಪೂರ್ಣಾಂಕವೆಂಬ ಟೈಪು ಸುಳ್ಳಾಗಲಿಲ್ಲ, ವಸ್ತುಗಳ ಸಂಖ್ಯೆಯೆಂಬ ವಾಕ್ಯವೂ ಸುಳ್ಳಾಗಲಿಲ್ಲ. ಇಲ್ಲಿ ವಸ್ತುವೆಂದರೆ ಯಾವುದೆಂಬ ಒಂದು ಮಾತಿಗೆ ಆ ಪುಟದಲ್ಲಿ ಬೇಕಾದಷ್ಟು ತೆರಪಿತ್ತು.