ಕೂಗಾಟಕ್ಕೆ ಮುಂಚೆ: ‘ಫಾಲ್ಟಿ ಟವರ್ಸ್’ ನೋಡುವವರಿಗೆ ಒಂದು ಕೈಪಿಡಿ

ಒಟ್ಟು ಹನ್ನೆರಡೇ ಕಂತು, ಒಂದೊಂದೂ ಅರ್ಧ ಗಂಟೆ. ಭಾನುವಾರ ಬೆಳಗಿನ ತಿಂಡಿ ಮುಗಿಸಿ ಟಿವಿ ಮುಂದೆ ಕೂತರೆ ಸಂಜೆ ಕಾಫಿ ಹೊತ್ತಿಗೆ ‘ಫಾಲ್ಟಿ ಟವರ್ಸ್’ ಎಂಬ ಬ್ರಿಟಿಷ್ ಹಾಸ್ಯ ಧಾರಾವಾಹಿ ಪೂರ್ತಿ ಮುಗಿದಿರುತ್ತದೆ. ದಯವಿಟ್ಟು ಹಾಗೆ ಮಾತ್ರ ನೋಡಬೇಡಿ. ಒಂದೇ ಏಟಿಗೆ ನೋಡಿದರೆ ಕಣ್ಣಿಗೆ ಬೀಳುವುದು ಮೀಸೆ ಹೊತ್ತ ಉದ್ದನೆಯ ಆಳೊಬ್ಬ ಆರು ಗಂಟೆ ಕಾಲ ಅರಚಾಡುವುದಷ್ಟೇ. ಮೂರನೇ ಕಂತಿಗೆ ತಲೆನೋವು ಶುರುವಾಗುತ್ತದೆ, ಇಷ್ಟಕ್ಕೇ ಇಷ್ಟು ಹೆಸರೇ ಅನ್ನಿಸುತ್ತದೆ. ವಾರಕ್ಕೊಂದು ಕಂತು ಸಾಕು. ನೋಡಿದ್ದನ್ನೇ ಒಂದೆರಡು ದಿನ ಬಿಟ್ಟು ಮತ್ತೆ ಹಾಕಿ. ಮೊದಲ ಸಲ ನೀವು ನಗುವುದು ಗಲಾಟೆಗೆ; ಎರಡನೇ ಸಲ ಆ ಗಲಾಟೆಗೆ ಎಲ್ಲಿಂದ ಕಿಡಿ ಬಿತ್ತು ಎಂಬುದು ಕಾಣುತ್ತದೆ. 1975ರಲ್ಲಿ ಬಿಬಿಸಿ2 ನೋಡುತ್ತಿದ್ದವರಿಗೆ ಬೇಕೆಂದಾಗ ಹಿಂದಕ್ಕೆ ತಿರುಗಿಸಿ ನೋಡುವ ಅನುಕೂಲ ಇರಲಿಲ್ಲ. ಡಿವಿಡಿ ಹಾಕಿಕೊಂಡು ಕೂತ ನಿಮಗೆ ಇದೆ. ಅದನ್ನು ಬಳಸಿಕೊಳ್ಳಿ.

ಕಥೆ ನಡೆಯುವುದು ಇಂಗ್ಲೆಂಡಿನ ಡೆವನ್ ಕರಾವಳಿಯ ಟಾರ್ಕೀ ಎಂಬ ಊರಲ್ಲಿ. ಬೇಸಿಗೆಗೆ ಸಮುದ್ರ ನೋಡಲು ಜನ ಬರುವ ಊರು. ಅಲ್ಲೊಂದು ಮಧ್ಯಮ ದರ್ಜೆಯ ಹೋಟೆಲು. ಮಾಲೀಕ ಬೇಸಿಲ್ ಫಾಲ್ಟಿ, ಅಂದರೆ ಜಾನ್ ಕ್ಲೀಸ್. ಹೆಂಡತಿ ಸಿಬಿಲ್, ಅಂದರೆ ಪ್ರುನೆಲ್ಲಾ ಸ್ಕೇಲ್ಸ್. ಬಾರ್ಸಿಲೋನಾದಿಂದ ಬಂದ, ಇಂಗ್ಲಿಷ್ ಅಷ್ಟಕ್ಕಷ್ಟೇ ಬರುವ ವೇಟರ್ ಮ್ಯಾನುಯೆಲ್ ಪಾತ್ರದಲ್ಲಿ ಆಂಡ್ರ್ಯೂ ಸ್ಯಾಕ್ಸ್. ಇವರೆಲ್ಲರ ನಡುವೆ ತಲೆ ನೆಟ್ಟಗಿರುವ ಒಬ್ಬಳೇ ಒಬ್ಬಳು ಪಾಲಿ. ಆ ಪಾತ್ರ ಮಾಡಿದ ಕೋನಿ ಬೂತ್ ಕ್ಲೀಸ್ ಜೊತೆ ಕೂತು ಹನ್ನೆರಡೂ ಕಂತು ಬರೆದವರು. ಇಬ್ಬರೂ ಆಗ ಗಂಡ ಹೆಂಡಿರು. ಎರಡನೇ ಸರಣಿ ಬಂದದ್ದು 1979ರಲ್ಲಿ, ಅಷ್ಟರಲ್ಲಿ ವಿಚ್ಛೇದನವೂ ಆಗಿತ್ತು. ಬರವಣಿಗೆಯಲ್ಲಿ ಮಾತ್ರ ಅದರ ಬಿರುಕು ಎಲ್ಲೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಎರಡನೆಯ ಆರು ಕಂತುಗಳೇ ಹೆಚ್ಚು ಬಿಗಿ.

ಬೇಸಿಲ್‌ನ ಮೂಲವೂ ಟಾರ್ಕೀಯಲ್ಲೇ ಇದೆ. 1970ರಲ್ಲಿ ಕ್ಲೀಸ್ ಇದ್ದ ಮಾಂಟಿ ಪೈಥಾನ್ ಹಾಸ್ಯ ತಂಡ ಶೂಟಿಂಗಿಗೆಂದು ಹೋಗಿ ಅಲ್ಲಿನ ಗ್ಲೆನ್‌ಈಗಲ್ಸ್ ಹೋಟೆಲಿನಲ್ಲಿ ಇಳಿದುಕೊಂಡಿತ್ತು. ಅದರ ಮಾಲೀಕ ಡೊನಾಲ್ಡ್ ಸಿಂಕ್ಲೇರ್. ಅತಿಥಿಗಳು ಬಂದರೆ ತೊಂದರೆ ಎಂಬ ಭಾವದ ಮನುಷ್ಯ. ತಂಡದಲ್ಲಿದ್ದ ಅಮೆರಿಕದ ಟೆರಿ ಗಿಲಿಯಮ್ ಊಟದಲ್ಲಿ ಫೋರ್ಕು ಹಿಡಿಯುವ ರೀತಿ ಸರಿಯಿಲ್ಲ ಎಂದು ತಗಾದೆ ತೆಗೆದ. ಎರಿಕ್ ಐಡಲ್‌ನ ಬ್ಯಾಗಿನಲ್ಲಿ ಬಾಂಬ್ ಇರಬಹುದೆಂದು ಅದನ್ನು ಹೊರಗೆ ಒಯ್ದು ಇಟ್ಟ. ಉಳಿದವರೆಲ್ಲ ಬೇರೆ ಹೋಟೆಲು ಹುಡುಕಿಕೊಂಡು ಹೋದರು. ಕ್ಲೀಸ್ ಅಲ್ಲೇ ಉಳಿದರು, ಬೂತ್ ಕೂಡ ಬಂದು ಸೇರಿಕೊಂಡರು. ಆ ಹೋಟೆಲು ಈಗಿಲ್ಲ. ಅಲ್ಲಿ ನಿವೃತ್ತರ ಫ್ಲ್ಯಾಟ್‌ಗಳು ಎದ್ದಿವೆ, ಕಟ್ಟಡಕ್ಕೆ ‘ಸ್ಯಾಕ್ಸ್ ಲಾಡ್ಜ್’ ಎಂದು ಹೆಸರಿಟ್ಟಿದ್ದಾರೆ. ಮಾಲೀಕನ ಹೆಸರಲ್ಲ, ವೇಟರ್‌ನ ಪಾತ್ರ ಮಾಡಿದವನ ಹೆಸರು!

ಈಗ ನೋಡುವ ಬಗೆ. ಮೊದಲ ಸೂತ್ರ: ಬೇಸಿಲ್ ಕೂಗುವಾಗ ಅವನನ್ನು ಹೆಚ್ಚು ಗಮನಿಸಬೇಡಿ, ಕೂಗುವ ಮುಂಚೆ ಗಮನಿಸಿ. ಹೆಚ್ಚುಕಡಿಮೆ ಪ್ರತಿ ಕಂತಿನಲ್ಲೂ ಅವನು ಒಂದು ಸಂಗತಿಯನ್ನು ಒಬ್ಬರಿಂದ ಮುಚ್ಚಿಡುತ್ತಿರುತ್ತಾನೆ. ಹೆಚ್ಚಿನ ಸಲ ಆ ಒಬ್ಬರು ಸಿಬಿಲ್. ಸುಳ್ಳು ಚಿಕ್ಕದು, ಒಪ್ಪಿಕೊಂಡಿದ್ದರೆ ಐದು ನಿಮಿಷದ ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಅವನು ಒಪ್ಪಿಕೊಳ್ಳುವುದಿಲ್ಲ. ಆ ಸುಳ್ಳನ್ನು ಕಾಯಲು ಇನ್ನೊಂದು, ಅದಕ್ಕೆ ಮತ್ತೊಂದು. ಕೊನೆಗೆ ಎಲ್ಲವೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿಗೆ ಬಂದು ನಿಲ್ಲುತ್ತವೆ. ಆಗ ಅವನು ಅರಚುತ್ತಾನೆ. ಅದು ಸಿಟ್ಟಲ್ಲ, ಸಿಕ್ಕಿಬೀಳುವ ಭಯ. ಇದೊಂದು ಗೊತ್ತಾದರೆ ಕ್ಲೀಸ್ ಮುಖದ ಮೇಲೆ ಹಾದುಹೋಗುವ ಹತ್ತಾರು ಸಣ್ಣ ಲೆಕ್ಕಾಚಾರಗಳು ಕಾಣತೊಡಗುತ್ತವೆ.

ಉದಾಹರಣೆಗೆ 1979ರ ‘ಕಮ್ಯುನಿಕೇಶನ್ ಪ್ರಾಬ್ಲಮ್ಸ್’ ತೆಗೆದುಕೊಳ್ಳಿ. ಹೊಸಬರು ಮೊದಲು ನೋಡಬೇಕಾದ ಕಂತೂ ಇದೇ. ಮಿಸೆಸ್ ರಿಚರ್ಡ್ಸ್ ಎಂಬ ವಯಸ್ಸಾದ ಹೆಂಗಸು ಬರುತ್ತಾಳೆ. ಕಿವಿ ಮಂದ. ಕಿವಿಗೆ ಯಂತ್ರ ಇದೆ, ಆದರೆ ಆನ್ ಮಾಡುವುದಿಲ್ಲ, ಬ್ಯಾಟರಿ ಖರ್ಚಾಗುತ್ತದಲ್ಲ. ಜೋನ್ ಸ್ಯಾಂಡರ್ಸನ್ ಈ ಪಾತ್ರವನ್ನು ಒಂದಿಷ್ಟೂ ಹಾಸ್ಯದ ಸುಳಿವು ಕೊಡದೆ ಮಾಡುತ್ತಾರೆ. ಅವಳಿಗೆ ಸ್ನಾನದ ತೊಟ್ಟಿ ಚಿಕ್ಕದು, ಕಿಟಕಿಯಿಂದ ಕಾಣುವ ನೋಟ ಸಾಲದು, ಬಾಡಿಗೆ ಕಡಿಮೆ ಮಾಡಬೇಕು. ಟಾರ್ಕೀಯ ಕಿಟಕಿಯಲ್ಲಿ ಟಾರ್ಕೀ ಕಾಣದೆ ಇನ್ನೇನು ಕಾಣಬೇಕಿತ್ತು ಎಂದು ಬೇಸಿಲ್ ಕೆರಳುವ ಮಾತು ತುಂಬ ಪ್ರಸಿದ್ಧ. ಪ್ರಸಿದ್ಧವಾದದ್ದು ಬಿಡಿ, ನಿಮಗೆ ಹೇಗೂ ಸಿಗುತ್ತದೆ. ಒಂದು ಕಡೆ ಅವನು ಬರೀ ತುಟಿ ಆಡಿಸುತ್ತಾನೆ, ದನಿ ಹೊರಡಿಸುವುದಿಲ್ಲ. ಕೇಳಿಸುತ್ತಿಲ್ಲವೆಂದು ಅವಳು ಯಂತ್ರದ ಸದ್ದು ಏರಿಸುತ್ತಾಳೆ. ಏರಿಸಿ ಮುಗಿಯಿತು ಅನ್ನುವಾಗ ಅವನು ಗಟ್ಟಿಯಾಗಿ ಮಾತಾಡುತ್ತಾನೆ. ಅಲ್ಲಿ ಅವಳ ಬೆಚ್ಚುವಿಕೆಯನ್ನಲ್ಲ, ಅದಕ್ಕೂ ಒಂದು ಕ್ಷಣ ಮುಂಚೆ ಬೇಸಿಲ್ ಮುಖದಲ್ಲಿ ಮೂಡುವ ಶಾಲೆ ಹುಡುಗನ ಖುಷಿಯನ್ನು ನೋಡಿ.

ಇದೆಲ್ಲ ಮೇಲಿನ ಪದರ. ಒಳಗೆ ಓಡುತ್ತಿರುವುದು ದುಡ್ಡಿನ ಕಥೆ. ಬೇಸಿಲ್ ಕುದುರೆ ಜೂಜಿನಲ್ಲಿ 75 ಪೌಂಡ್ ಗೆದ್ದಿದ್ದಾನೆ. ಜೂಜಾಡಕೂಡದೆಂದು ಸಿಬಿಲ್‌ಳ ಕಟ್ಟಪ್ಪಣೆ ಇದೆ. ಅತ್ತ ಮಿಸೆಸ್ ರಿಚರ್ಡ್ಸ್ ತನ್ನ 85 ಪೌಂಡ್ ಕಳುವಾಗಿದೆ ಎಂದು ಗದ್ದಲ ಎಬ್ಬಿಸಿದ್ದಾಳೆ. ಗೆದ್ದ ದುಡ್ಡನ್ನು ಬೇಸಿಲ್ ಕೊಡುವುದು ಯಾರ ಕೈಗೆ? ಮೇಜರ್ ಗವೆನ್ ಕೈಗೆ. ಹೋಟೆಲಿನಲ್ಲೇ ಠಿಕಾಣಿ ಹೂಡಿರುವ, ನೆನಪು ಕೈಕೊಟ್ಟಿರುವ ಮುದುಕ. ಕುದುರೆ ವಿಷಯ ಗೊತ್ತಿದ್ದ ಇನ್ನೊಬ್ಬ ಮ್ಯಾನುಯೆಲ್. ಅವನಿಗೆ ಬೇಸಿಲ್ ಕಂತಿನ ಆರಂಭದ ಭಾಗದಲ್ಲೇ ತಾಕೀತು ಮಾಡಿರುತ್ತಾನೆ, ನಿನಗೆ ಏನೂ ಗೊತ್ತಿಲ್ಲ, ತಿಳೀತಾ ಅಂತ. ಮೊದಲ ಸಲ ನೋಡುವಾಗ ಆ ಮಾತು ಗಾಳಿಗೆ ಹೋಗುತ್ತದೆ. ಮುಂದೆ ಆ ದುಡ್ಡು ತನ್ನದೇ ಎಂದು ರುಜುವಾತು ಮಾಡಲು ಒಬ್ಬ ಸಾಕ್ಷಿ ಬೇಕಾಗುತ್ತದೆ. ಬೇಸಿಲ್ ಮ್ಯಾನುಯೆಲ್‌ನನ್ನು ಎಳೆತಂದು, ಹೇಳು, ನಿನಗೆ ಗೊತ್ತಿರುವುದನ್ನು ಹೇಳು ಎಂದು ಅಂಗಲಾಚುತ್ತಾನೆ. ಮ್ಯಾನುಯೆಲ್ ಎದೆಯುಬ್ಬಿಸಿ ನಿಂತು, ನನಗೆ ಏನೂ ಗೊತ್ತಿಲ್ಲ ಅನ್ನುತ್ತಾನೆ. ಅಷ್ಟು ಕಷ್ಟದ ಇಂಗ್ಲಿಷಿನಲ್ಲಿ ಯಜಮಾನರ ಒಂದು ಆಜ್ಞೆಯಾದರೂ ಸರಿಯಾಗಿ ಅರ್ಥವಾಯಿತಲ್ಲ ಎಂಬ ಹೆಮ್ಮೆ ಆ ಮುಖದಲ್ಲಿ. ಇಲ್ಲಿ ಡಿವಿಡಿಯನ್ನು ಹಿಂದಕ್ಕೆ ಓಡಿಸಿ ಆ ತಾಕೀತಿನ ದೃಶ್ಯವನ್ನು ಮತ್ತೊಮ್ಮೆ ನೋಡಿ. ಎಷ್ಟು ಸಲೀಸಾಗಿ, ಇನ್ಯಾವುದೋ ಗಡಿಬಿಡಿಯ ನಡುವೆ ಅದನ್ನು ನಮ್ಮ ಕಣ್ಣೆದುರೇ ಇಟ್ಟುಹೋಗಿದ್ದಾರೆ!

ಕ್ಲೀಸ್ ಮತ್ತು ಬೂತ್ ಕಥೆಯ ಹೆಣಿಗೆ ಪೂರ್ತಿ ಕೂಡಿಬರುವವರೆಗೆ ಸಂಭಾಷಣೆಗೆ ಕೈ ಹಾಕುತ್ತಿರಲಿಲ್ಲ. ಒಂದೊಂದು ಕಂತಿಗೂ ವಾರಗಟ್ಟಲೆ ಕೂರುತ್ತಿದ್ದರು. ಮಾಮೂಲಿ ಹಾಸ್ಯ ಧಾರಾವಾಹಿಯ ಸ್ಕ್ರಿಪ್ಟಿಗಿಂತ ಸುಮಾರು ಎರಡು ಪಟ್ಟು ಪುಟಗಳು ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು, ಆ ಓಟದ ವೇಗ ಬಂದದ್ದು ಅಲ್ಲಿಂದ. ಮಾಸ್ಟರ್ ಹಿರಣ್ಣಯ್ಯನವರು ಅವತ್ತಿನ ಪೇಪರಿನ ಸುದ್ದಿಯನ್ನೇ ರಂಗದ ಮೇಲೆ ಮಾತಾಗಿಸುವುದನ್ನು ಕಂಡು ನಕ್ಕ ನಮಗೆ ಇದು ತಿರುವುಮುರುವು ರುಚಿ. ಇಲ್ಲಿ ಯಾರೂ ಒಂದು ಅಕ್ಷರವನ್ನೂ ಆ ಹೊತ್ತಿಗೆ ತೋಚಿದಂತೆ ಸೇರಿಸುವ ಹಾಗಿಲ್ಲ. ಒಂದು ಇಟ್ಟಿಗೆ ಜರುಗಿದರೂ ಮುಂದಿನ ಗೋಡೆ ನಿಲ್ಲುವುದಿಲ್ಲ. ತಮಾಷೆಯೆಂದರೆ, ಮೊದಲ ಸ್ಕ್ರಿಪ್ಟನ್ನು 1974ರಲ್ಲಿ ಓದಿದ ಬಿಬಿಸಿಯ ಒಬ್ಬ ಸಂಪಾದಕರಿಗೆ ಇದೆಲ್ಲ ಸವಕಲು ಅನ್ನಿಸಿತ್ತು. ಕಾಗದದ ಮೇಲೆ ಓದಿದರೆ ಹಾಗೆ ಅನ್ನಿಸುವುದರಲ್ಲಿ ಆಶ್ಚರ್ಯವೂ ಇಲ್ಲ. ಜಗಳಗಂಟ ಗಂಡ, ಗಯ್ಯಾಳಿ ಹೆಂಡತಿ, ಪೆದ್ದ ಆಳು: ಯಾವ ಕಾಲದಿಂದ ನೋಡುತ್ತಿಲ್ಲ?

ಟಿವಿಯ ವಿಚಾರ ಒಂದಿಷ್ಟು. ಇದು ಹಳೆಯ 4:3 ಚೌಕಟ್ಟಿನ ಚಿತ್ರ. ಈಗಿನ ಅಗಲ ಪರದೆ ಅದನ್ನು ಎಳೆದು ತುಂಬಿಸಿಕೊಳ್ಳುವಂತೆ ಇಟ್ಟಿದ್ದರೆ ಸೆಟ್ಟಿಂಗ್ ಬದಲಿಸಿ. ಆರೂವರೆ ಅಡಿ ಹತ್ತಿರದ ಕ್ಲೀಸ್ ಗುಜ್ಜನಾದರೆ ಅರ್ಧ ಹಾಸ್ಯ ಹೋಯಿತು. ಒಳಗಿನ ದೃಶ್ಯಗಳು ಸ್ಟುಡಿಯೋದಲ್ಲಿ ವಿಡಿಯೋ ಟೇಪಿನ ಮೇಲೆ, ಹೊರಗಿನವು ಫಿಲ್ಮ್ ಮೇಲೆ ಚಿತ್ರಿತವಾದವು. ಬೇಸಿಲ್ ಬಾಗಿಲು ದಾಟಿ ಹೊರಬಂದೊಡನೆ ಬಣ್ಣವೇ ಮಂಕಾಗುವುದು ಅದಕ್ಕೆ, ನಿಮ್ಮ ಡಿಸ್ಕ್ ಕೆಟ್ಟಿಲ್ಲ. ಕೇಳಿಸುವ ನಗು ಸ್ಟುಡಿಯೋದಲ್ಲಿ ಎದುರು ಕೂತ ಜನರದು. ನಟರು ಆ ನಗು ಇಳಿಯಲೆಂದು ಕಾಯುವಾಗ ಸುಮ್ಮನೆ ಕಾಯುವುದಿಲ್ಲ, ಕೈಯಲ್ಲಿ ಏನಾದರೂ ಮಾಡುತ್ತಿರುತ್ತಾರೆ. ಸ್ಕೇಲ್ಸ್ ಕೈಯಲ್ಲಿ ಸಿಗರೇಟೋ ಫೋನೋ ಇದ್ದೇ ಇರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಲು ನಾಚಿಕೆ ಬೇಡ, ಸಿಬಿಲ್ ಎದುರು ಬೇಸಿಲ್ ಹಲ್ಲುಕಚ್ಚಿ ಗೊಣಗುವ ಮಾತುಗಳು ಮೊದಲ ಸಲಕ್ಕೆ ಕಿವಿಗೆ ಸಿಗುವುದಿಲ್ಲ. 2009ರ ಡಿವಿಡಿ ಆವೃತ್ತಿಯಲ್ಲಿ ಕ್ಲೀಸ್ ಸ್ವತಃ ಹೇಳಿದ ವ್ಯಾಖ್ಯಾನವಿದೆ. ಅದು ಮೂರನೇ ನೋಟಕ್ಕೆ ಇರಲಿ.

ಬಹುತೇಕ ಕಂತುಗಳ ಆರಂಭದಲ್ಲಿ ಹೋಟೆಲಿನ ಬೋರ್ಡು ತೋರಿಸುತ್ತಾರೆ. ಮೊದಮೊದಲು ಅಕ್ಷರ ಸೊಟ್ಟಗಾಗಿರುತ್ತದೆ, ಬೀಳುತ್ತದೆ. ಬರಬರುತ್ತಾ ಅಕ್ಷರಗಳು ಜಾಗ ಬದಲಿಸಿ ಪೋಲಿ ಮಾತುಗಳಾಗುತ್ತವೆ. ಯಾರ ಕಿತಾಪತಿ ಎಂದು ಒಂದೇ ಒಂದು ಕಂತಿನಲ್ಲಿ, ‘ದಿ ಸೈಕಿಯಾಟ್ರಿಸ್ಟ್’ನಲ್ಲಿ ತೋರಿಸುತ್ತಾರೆ: ಪೇಪರ್ ಹಾಕುವ ಹುಡುಗ. ಆ ಬೋರ್ಡಿನ ಹಿಂದಿನ ಬಿಳಿ ಕಟ್ಟಡ ಇದ್ದದ್ದು ಸಮುದ್ರದಿಂದ ದೂರದ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ. 1991ರಲ್ಲಿ ಬೆಂಕಿ ಬಿದ್ದು, ಆಮೇಲೆ ಅದನ್ನು ಕೆಡವಿದರು.

‘ದಿ ಜರ್ಮನ್ಸ್’ ಬಗ್ಗೆ ನಮ್ಮವರಿಗೆ ಬೇರೆಯಾಗಿಯೇ ಹೇಳಬೇಕು. ತಲೆಗೆ ಪೆಟ್ಟು ಬಿದ್ದ ಬೇಸಿಲ್ ಜರ್ಮನ್ ಅತಿಥಿಗಳ ಎದುರು ಯುದ್ಧದ ಮಾತು ಎತ್ತಬಾರದೆಂದು ಶಪಥ ಮಾಡಿ, ಅದನ್ನು ಬಿಟ್ಟು ಬೇರೇನನ್ನೂ ಆಡದ ಕಂತು ಇದು. ಇದರಲ್ಲೇ ಮೇಜರ್, ತಾನು ಹಿಂದೆ ಒಬ್ಬ ಹೆಂಗಸನ್ನು ಇಂಡಿಯಾ ನೋಡಲು ಕರೆದೊಯ್ದಿದ್ದೆ ಅನ್ನುತ್ತಾನೆ. ದೇಶವಲ್ಲ, ಓವಲ್ ಮೈದಾನದಲ್ಲಿ ಆಡುತ್ತಿದ್ದ ಕ್ರಿಕೆಟ್ ತಂಡ. ಆಮೇಲೆ ಭಾರತೀಯರನ್ನೂ ವೆಸ್ಟ್ ಇಂಡೀಸಿನವರನ್ನೂ ಹೀನಾಯ ಪದಗಳಲ್ಲಿ ಕರೆಯುತ್ತಾನೆ. 2013ರ ಮರುಪ್ರಸಾರದಲ್ಲಿ ಬಿಬಿಸಿ ಆ ಮಾತುಗಳನ್ನು ಕತ್ತರಿಸಿತು. 2020ರಲ್ಲಿ ಯುಕೆಟಿವಿ ಇಡೀ ಕಂತನ್ನೇ ತೆಗೆದು, ಕೆಲವೇ ದಿನದಲ್ಲಿ ಎಚ್ಚರಿಕೆಯ ಸಾಲು ಸೇರಿಸಿ ವಾಪಸ್ ಹಾಕಿತು. ನಗೆಯ ಗುರಿ ಮೇಜರ್ ಮತ್ತು ಅವನಂಥವರು ಎಂಬುದು ಕ್ಲೀಸ್ ವಾದ. ಬರೆದವರ ಉದ್ದೇಶ ಅದೇ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಸ್ಟುಡಿಯೋದಲ್ಲಿ ನಕ್ಕವರೆಲ್ಲ ಮೇಜರ್‌ನನ್ನೇ ನೋಡಿ ನಕ್ಕರು ಎಂದು ನಾನು ಆಣೆ ಮಾಡಲಾರೆ. ನಿಮ್ಮ ಪ್ರತಿಯಲ್ಲಿ ಆ ಮಾತು ಇದ್ದರೆ ಕೇಳಿಸಿಕೊಂಡು ನೀವೇ ತೀರ್ಮಾನಿಸಿ. ಅಂದಹಾಗೆ ಈ ಕಂತು ಬರುವ ನಾಲ್ಕು ವರ್ಷ ಮುಂಚೆ, 1971ರಲ್ಲಿ, ಅದೇ ಓವಲ್‌ನಲ್ಲಿ ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದಿದ್ದರು. ಮೇಜರ್‌ಗೆ ಅದು ನೆನಪಿರಲಿಕ್ಕಿಲ್ಲ.

ಮ್ಯಾನುಯೆಲ್ ತಲೆಯ ಮೇಲೆ ಬೀಳುವ ಏಟುಗಳಿಗೆ ಇವತ್ತು ಎಲ್ಲರಿಗೂ ನಗು ಬರುವುದಿಲ್ಲ, ಬರಬೇಕೆಂದೂ ಇಲ್ಲ. ಸ್ಯಾಕ್ಸ್ ಹುಟ್ಟಿದ್ದು ಬರ್ಲಿನ್‌ನಲ್ಲಿ. ತಂದೆ ಯಹೂದಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಕುಟುಂಬ ಇಂಗ್ಲೆಂಡಿಗೆ ಬಂತು. ಬೇರೆ ದೇಶದ ಭಾಷೆಯ ಎದುರು ತಬ್ಬಿಬ್ಬಾಗಿ ನಿಲ್ಲುವುದು ಅವರಿಗೆ ಊಹಿಸಿ ಮಾಡಬೇಕಾದ ಅಭಿನಯ ಆಗಿರಲಾರದು. ಇಂಗ್ಲಿಷ್ ಪಾಠ ಒಪ್ಪಿಸುವಾಗ ಮ್ಯಾನುಯೆಲ್ ಬೆನ್ನು ನೆಟ್ಟಗಾಗುವುದನ್ನು ಗಮನಿಸಿ. ಸ್ಪೇನಿನಲ್ಲಿ ಡಬ್ ಮಾಡುವಾಗ ಅವನನ್ನು ಇಟಲಿಯವನನ್ನಾಗಿ ಮಾಡಿ ಕೈ ತೊಳೆದುಕೊಂಡರು.

‘ಕಮ್ಯುನಿಕೇಶನ್ ಪ್ರಾಬ್ಲಮ್ಸ್’ ಆದ ಮೇಲೆ ‘ಗೂರ್ಮೆ ನೈಟ್’ ನೋಡಿ. ಕೆಟ್ಟು ನಿಂತ ಕೆಂಪು ಆಸ್ಟಿನ್ ಕಾರಿಗೆ ಬೇಸಿಲ್ ಮರದ ಕೊಂಬೆ ತಂದು ಬಡಿಯುವುದು ಇದರಲ್ಲೇ. ಬಳಿಕ ‘ದಿ ಕಿಪ್ಪರ್ ಅಂಡ್ ದಿ ಕಾರ್ಪ್ಸ್’. ‘ದಿ ಬಿಲ್ಡರ್ಸ್’ ಅವಸರವಿಲ್ಲ, ಐರಿಷ್ ಮೇಸ್ತ್ರಿಯ ಮೇಲಿನ ಹಾಸ್ಯ ಸೊರಗಿದೆ. ‘ಬೇಸಿಲ್ ದಿ ರ‍್ಯಾಟ್’ ಕೊನೆಗಿರಲಿ. ಪ್ರಸಾರದಲ್ಲೂ ಅದೇ ಕೊನೆಯದು, ಬಿಬಿಸಿಯ ಮುಷ್ಕರದಿಂದಾಗಿ ಉಳಿದ ಐದಕ್ಕಿಂತ ತಿಂಗಳುಗಟ್ಟಲೆ ತಡವಾಗಿ 1979ರ ಅಕ್ಟೋಬರಿನಲ್ಲಿ ಬಂತು. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಊಟದ ಹಾಲಿನಲ್ಲಿ ಕೂತಿದ್ದಾನೆ. ಮ್ಯಾನುಯೆಲ್ ಹ್ಯಾಮ್‌ಸ್ಟರ್ ಎಂದು ನಂಬಿ ಸಾಕಿರುವ ಇಲಿ ಎಲ್ಲೋ ತಪ್ಪಿಸಿಕೊಂಡಿದೆ. ಬಿಸ್ಕತ್ತಿನ ಡಬ್ಬಿ ತೆರೆದು ಇನ್‌ಸ್ಪೆಕ್ಟರ್ ಮುಂದೆ ಹಿಡಿದಾಗ ಬಿಸ್ಕತ್ತುಗಳ ನಡುವಿನಿಂದ ಅದು ತಲೆ ಎತ್ತುತ್ತದೆ. ಎಲ್ಲರೂ ಇಲಿಯನ್ನೇ ನೋಡುತ್ತಾರೆ. ಎರಡನೇ ಸಲ ಹಾಕಿದಾಗ ನೀವು ಇನ್‌ಸ್ಪೆಕ್ಟರ್ ಮುಖ ನೋಡಿ: ಕಂಡದ್ದನ್ನು ಕಂಡೆ ಅಂದುಕೊಳ್ಳಲೋ ಬೇಡವೋ ಎಂದು ಅವನು ಯೋಚಿಸುತ್ತಿರುತ್ತಾನೆ.