ಹೊಗೆಯಿಲ್ಲದ ಬೆಟ್ಟ: ಭೂಗತ ಜ್ವಾಲಾಮುಖಿಗಳ ಶೋಧನೆಯಲ್ಲಿ ಹೇತುವಿಚಾರ

ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವ ಉದಾಹರಣೆಯು ತರ್ಕದ ಪಾಠಕ್ಕೆ ನಾಲ್ಕು ದಿನ ಕುಳಿತವರೆಲ್ಲರಿಗೂ ಪರಿಚಿತವಾದುದೇ ಸರಿ. ಆ ಉದಾಹರಣೆಯನ್ನೇ ಬುಡಮೇಲು ಮಾಡಿದಂತಿರುವ ವಿಷಯವೊಂದು ಈಗ ನಮ್ಮ ಪಠ್ಯಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಪ್ರವೇಶಿಸಿದೆ. ಇಲ್ಲಿ ಬೆಂಕಿಯು ನೂರು ಕೋಟಿ ವರ್ಷಗಳ ಹಿಂದೆಯೇ ಆರಿಹೋಗಿದೆ, ಹೊಗೆಯಿಲ್ಲ, ಬೆಟ್ಟವೂ ಸವೆದು ಜೋಳದ ಹೊಲವಾಗಿದೆ. ಆದರೂ ವಿಮಾನಕ್ಕೆ ಕಾಂತಮಾಪಕವನ್ನು ಕಟ್ಟಿ ಆ ಹೊಲದ ಮೇಲೆ ಹಾರಿದವರು, ಕೆಳಗೆ ಜ್ವಾಲಾಮುಖಿಯಿದ್ದೀತೆಂದು ಹೇಳಬಲ್ಲರು. ಈ ವಿದ್ಯೆಯ ಹಿರಿಮೆಯಲ್ಲಿ ನನಗೆ ಸಂಶಯವಿಲ್ಲ. ನನ್ನ ಆಕ್ಷೇಪವು ಅದನ್ನು ಕನ್ನಡದಲ್ಲಿ ನಿರೂಪಿಸುವ ರೀತಿಯನ್ನು ಕುರಿತದ್ದು. ‘ವಿಮಾನದಿಂದ ಭೂಗತ ಜ್ವಾಲಾಮುಖಿಯನ್ನು ಕಂಡುಹಿಡಿದರು’ ಎಂಬ ಮಾದರಿಯ ವಾಕ್ಯದಲ್ಲಿ ಎರಡು ದೋಷಗಳಿವೆ. ಒಂದು ಪದದೋಷ, ಮತ್ತೊಂದು ಪ್ರಮಾಣದೋಷ. ಯಾದಗಿರಿ ಸೀಮೆಯ ನೆಲವನ್ನೂ ಅದರಲ್ಲಿ ವಿಶೇಷವಾಗಿ ಶಹಾಪುರದ ಬಳಿಯ ಗೋಗಿಯನ್ನೂ ನಿದರ್ಶನವಾಗಿಟ್ಟುಕೊಂಡು ಇವೆರಡನ್ನೂ ಪರಿಶೀಲಿಸುವೆನು.

ಮೊದಲು ಪದ. ಜ್ವಾಲೆಯೇ ಮುಖವಾಗುಳ್ಳುದು ಜ್ವಾಲಾಮುಖಿ. ಯಾದಗಿರಿಗೆ ಮೂಡಲಾಗಿ, ತೆಲಂಗಾಣದ ನಾರಾಯಣಪೇಟೆ, ಮದ್ದೂರು, ಕೋಟಕೊಂಡಗಳ ಸುತ್ತ, ಕಿಂಬರ್ಲೈಟ್ ಎಂಬ ಶಿಲೆಯ ನಾಳಗಳಿವೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಪಟ್ಟಣದಿಂದ ಈ ಹೆಸರು ಬಂದಿತು. ಸುಮಾರು ೧೧೦ ಕೋಟಿ ವರ್ಷಗಳ ಹಿಂದೆ, ೧೫೦ ಕಿಲೋಮೀಟರಿಗೂ ಮಿಕ್ಕ ಆಳದಿಂದ ಶಿಲಾದ್ರವವು ಗ್ರಾನೈಟನ್ನು ಸೀಳಿಕೊಂಡು ಮೇಲಕ್ಕೆ ನುಗ್ಗಿ, ಗಜ್ಜರಿಯಂತೆ ಮೇಲೆ ಅಗಲವಾಗಿ ಕೆಳಗೆ ಕಿರಿದಾದ ನಾಳಗಳಲ್ಲಿ ಆರಿ ನಿಂತಿತು. ಆಂಧ್ರದ ವಜ್ರಕರೂರಿನಲ್ಲಿರುವುವೂ ಇಂಥ ನಾಳಗಳೇ. ಅಲ್ಲಿ ವಜ್ರವೂ ಉಂಟು. ಆದರೆ ಇವುಗಳ ಬಾಯಿ, ಬೂದಿಯ ದಿಬ್ಬ, ಎಲ್ಲವೂ ಮಳೆಗಾಳಿಗಳಿಗೆ ಸವೆದುಹೋಗಿ ಈಗ ಉಳಿದಿರುವುದು ಬುಡವು ಮಾತ್ರ. ಜ್ವಾಲೆಯೂ ಇಲ್ಲದ ಮುಖವೂ ಇಲ್ಲದ ವಸ್ತುವನ್ನು ಜ್ವಾಲಾಮುಖಿಯೆಂದು ಕರೆದರೆ, ವಿದ್ಯಾರ್ಥಿಯು ಮಣ್ಣಿನಡಿಯಲ್ಲಿ ಹೊಗೆಯಾಡುವ ಬೆಟ್ಟವನ್ನು ಕಲ್ಪಿಸಿಕೊಂಡು ಭಯಪಡುವನು. ‘ಜ್ವಾಲಾಮುಖಿಯ ಬೇರು’ ಎಂದರೆ ಅರ್ಥವು ತಿಳಿಯಾಗುವುದು, ಮಾತೂ ನಮ್ಮದೇ.

ಇನ್ನು ಪ್ರಮಾಣದ ವಿಚಾರ. ಭೂಮಿಯ ಕಾಂತಬಲವು ನಮ್ಮ ಸೀಮೆಯಲ್ಲಿ ಸುಮಾರು ೪೦,೦೦೦ ನ್ಯಾನೊಟೆಸ್ಲಾದಷ್ಟಿದೆ. ಮ್ಯಾಗ್ನೆಟೈಟ್ ಎಂಬ ಅಯಸ್ಕಾಂತದ ಅದಿರು ಬೆರೆತ ಶಿಲೆಯು ಕೆಳಗಿದ್ದರೆ ಈ ಬಲವು ಹತ್ತಾರು ಅಥವಾ ನೂರಾರು ಮಾನಗಳಷ್ಟು ಏರಿಳಿಯುವುದು. ಆ ಅದಿರು ಸುಮಾರು ೫೮೦ ಸೆಲ್ಸಿಯಸ್ ಉಷ್ಣತೆಗೆ ಮೇಲೆ ತನ್ನ ಸ್ಥಿರಕಾಂತತೆಯನ್ನು ಕಳೆದುಕೊಂಡು, ಆರುವಾಗ ಅಂದಿನ ಭೂಕಾಂತದ ದಿಕ್ಕನ್ನು ತನ್ನಲ್ಲಿ ಮುದ್ರಿಸಿಕೊಳ್ಳುವುದು. ವಿಮಾನವು ನೇಗಿಲಸಾಲಿನಂತೆ ಸಮಾಂತರ ಗೆರೆಗಳಲ್ಲಿ ಹಾರುತ್ತ ಈ ಏರಿಳಿತವನ್ನು ಬರೆದುಕೊಳ್ಳುವುದು. ನೆಲದ ಮೇಲೆ ಇಟ್ಟ ಇನ್ನೊಂದು ಮಾಪಕದಿಂದ ಸೂರ್ಯನ ಕಾರಣವಾಗಿ ದಿನದಲ್ಲಿ ಆಗುವ ವ್ಯತ್ಯಾಸವನ್ನು ತಿಳಿದು ಕಳೆಯುವರು. ಸೂಜಿಯು ಅಯಸ್ಕಾಂತದತ್ತ ಸರಿಯುವುದಕ್ಕೆ ಕಣಾದರ ಸೂತ್ರಗಳು ಅದೃಷ್ಟವನ್ನು ಕಾರಣವೆಂದವು. ಆ ಅದೃಷ್ಟವು ಇಂದು ಅಂಕಿಗಳಲ್ಲಿ ದೃಷ್ಟವಾಗಿದೆ. ಆದರೆ ದೃಷ್ಟವಾದುದು ಕಾಂತಬಲವು. ಜ್ವಾಲಾಮುಖಿಯ ಬೇರು ಅಲ್ಲ. ಹೇತುವು ಪ್ರತ್ಯಕ್ಷವಾದ ಮಾತ್ರಕ್ಕೆ ಸಾಧ್ಯವೂ ಪ್ರತ್ಯಕ್ಷವಾಯಿತೆನ್ನುವುದು ಭ್ರಮೆ.

ಆ ಹೇತುವಾದರೂ ಎಂಥದು? ‘ಇಲ್ಲಿ ಜ್ವಾಲಾಮುಖಿಯ ಬೇರಿದೆ, ಕಾಂತವಿಕಾರವಿರುವುದರಿಂದ’ ಎಂದರೆ ಅದು ಸವ್ಯಭಿಚಾರ. ಗ್ರಾನೈಟಿನೊಳಗೆ ಗೋಡೆಗಳಂತೆ ನಿಂತ ಕರಿಕಲ್ಲಿನ ಡೈಕುಗಳೂ ಕಬ್ಬಿಣದ ಪಟ್ಟೆಗಳುಳ್ಳ ಶಿಲೆಗಳೂ ಅದೇ ವಿಕಾರವನ್ನು ತೋರುತ್ತವೆ. ಹೇತುವನ್ನು ತಿರುಗಿಸಿ ‘ಬೇರು ಇದ್ದಲ್ಲೆಲ್ಲ ಕಾಂತವಿಕಾರವು ಇರಲೇಬೇಕು’ ಎಂದರೂ ನಿಲ್ಲದು. ನಾಳದ ಶಿಲೆಯು ಕೊಳೆತು ಜೇಡಿಯಾದರೆ ಮ್ಯಾಗ್ನೆಟೈಟು ಕೆಡುವುದು. ಆಗ ನಾಳವಿದ್ದರೂ ಮಾಪಕವು ಮೌನವಾಗಿರುವುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲವೆಂಬುದಕ್ಕೆ ನೈಯಾಯಿಕರು ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸಿ, ಹಸಿಸೌದೆಯ ಸಂಯೋಗವೆಂಬ ಉಪಾಧಿಯನ್ನು ಹೇಳಿದರಷ್ಟೆ. ಇಲ್ಲಿ ಕೆಡದೆ ಉಳಿದ ಅಯಸ್ಕಾಂತದ ಅದಿರೇ ಆ ಹಸಿಸೌದೆ.

ಭೂವಿಜ್ಞಾನಿಗಳು ಇದನ್ನು ಅರಿಯದವರಲ್ಲ. ಅವರು ಹೇತುವಿಗೆ ವಿಶೇಷಣಗಳನ್ನು ಸೇರಿಸುತ್ತ ಹೋಗುತ್ತಾರೆ. ವಿಕಾರವು ಡೈಕಿನಂತೆ ಉದ್ದಗೆರೆಯಾಗಿರದೆ ದುಂಡಾಗಿ ಒಂಟಿಯಾಗಿರಬೇಕು. ಸುತ್ತಲಿನ ಹಳ್ಳದ ಮರಳಿನಲ್ಲಿ ಆಳದಿಂದ ಬಂದ ಗಾರ್ನೆಟ್ ಮೊದಲಾದ ಖನಿಜಗಳು ಸಿಕ್ಕಬೇಕು. ಇತರ ಮಾಪನಗಳೂ ಒಪ್ಪಬೇಕು. ಇದು ನಮ್ಮವರು ಮಾಡುತ್ತಿದ್ದ ಹೇತುಪರಿಷ್ಕಾರವೇ ಹೊರತು ಬೇರೆಯಲ್ಲ. ಕೊನೆಗೆ ಕೊರೆದು ತೆಗೆದ ಶಿಲೆಯೊಂದೇ ಪ್ರತ್ಯಕ್ಷ. ವಿಜ್ಞಾನಿಗಳು ಇಷ್ಟು ಮೆಟ್ಟಿಲುಗಳನ್ನು ಹತ್ತಿದುದನ್ನು ‘ಕಂಡುಹಿಡಿದರು’ ಎಂಬ ಒಂದೇ ಕ್ರಿಯಾಪದದಲ್ಲಿ ಅಡಗಿಸುವುದು ಅವರ ಶ್ರಮಕ್ಕೂ ಅನ್ಯಾಯ.

ಇಲ್ಲಿ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಪ್ರಿಯವಾಗುವ ಸಂಗತಿಯೊಂದಿದೆ. ಕಾಂತವಿಕಾರಕ್ಕೆ ‘ಅಸಂಗತಿ’ ಎಂಬ ಹೆಸರು ಒಪ್ಪುವುದೆಂದು ನನ್ನ ಮತ. ಕಾರಣವೊಂದೆಡೆ, ಕಾರ್ಯವೊಂದೆಡೆ ಇರುವಂತೆ ವರ್ಣಿಸುವುದು ಅಸಂಗತ್ಯಲಂಕಾರ. ಕಾಂತಧ್ರುವದ ಬಳಿಯಲ್ಲಾದರೆ ವಿಕಾರದ ಶಿಖರವು ಶಿಲೆಯ ನೆತ್ತಿಗೇ ಬರುವುದು. ನಮ್ಮ ನಾಡಾದರೋ ಕಾಂತವಿಷುವದ್ರೇಖೆಗೆ ಸಮೀಪದ್ದು. ಇಲ್ಲಿ ಶಿಲೆಯ ನೆತ್ತಿಯ ಮೇಲೆ ಉಬ್ಬಿನ ಬದಲು ಹೆಚ್ಚಾಗಿ ತಗ್ಗೇ ತೋರಿ, ಉಬ್ಬು ಪಕ್ಕಕ್ಕೆ ಸರಿದಿರುವುದು. ಪಟದಲ್ಲಿ ಉಬ್ಬಿದ್ದಲ್ಲೇ ಅಗೆದವನಿಗೆ ಬರಿಯ ಮಣ್ಣು ದೊರೆತೀತು. ಕವಿಯ ಅಸಂಗತಿಯು ಚಮತ್ಕಾರಕ್ಕಾದರೆ ಈ ಅಸಂಗತಿಯು ಗಣಿತದಿಂದ ಪರಿಹಾರ್ಯವಾದುದು.

ಇದೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂದು ಹೇಳುವ ಪಂಡಿತಮಿತ್ರರಿಗೂ ಒಂದು ಮಾತು. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಗಿಡಮರಗಳಿಂದಲೂ ಹುತ್ತಗಳಿಂದಲೂ ಅಂತರ್ಜಲವನ್ನು ಊಹಿಸುವ ಕ್ರಮವಿದೆ, ಕಾಂತಮಾಪನವಿಲ್ಲ. ಇಲ್ಲದುದನ್ನು ಇದೆಯೆನ್ನುವುದು ಆಚಾರ್ಯನಿಗೆ ಗೌರವವಲ್ಲ. ಅಲ್ಲಿಂದ ಕಲಿಯಬೇಕಾದುದು ಬೇರೆ. ಇಂಥ ಗಿಡದಿಂದ ಇಷ್ಟು ದೂರದಲ್ಲಿ ನೀರೆಂದು ಹೇಳಿ ಆತನು ಸುಮ್ಮನಾಗುವುದಿಲ್ಲ. ಅಗೆಯುವಾಗ ನಡುವೆ ಇಂಥ ಬಣ್ಣದ ಕಪ್ಪೆ, ಇಂಥ ಮಣ್ಣು, ಇಂಥ ಕಲ್ಲು ಸಿಕ್ಕಬೇಕೆಂದು ಪರೀಕ್ಷೆಯ ಗುರುತುಗಳನ್ನೂ ಕೊಡುತ್ತಾನೆ. ಆ ಗುರುತುಗಳೆಲ್ಲ ನಿಜವೇ ಎಂಬುದು ಪ್ರತ್ಯೇಕ ಪ್ರಶ್ನೆ. ಊಹೆಯನ್ನು ಅಗೆತಕ್ಕೆ ಒಪ್ಪಿಸುವ ಆ ಬುದ್ಧಿಯು ಅನುಕರಣೀಯ.

ಗೋಗಿಯ ವಿಷಯಕ್ಕೆ ಬರೋಣ. ಆದಿಲಶಾಹಿ ಮನೆತನದ ಮೊದಲ ಅರಸರ ಸಮಾಧಿಗಳಿಂದ ಪ್ರಸಿದ್ಧವಾಗಿದ್ದ ಈ ಊರು ಈಗ ಯುರೇನಿಯಮ್ಮಿನಿಂದ ಹೆಸರಾಗಿದೆ. ಇಲ್ಲಿ ಗ್ರಾನೈಟಿನ ಮೇಲೆ ಭೀಮಾ ಶ್ರೇಣಿಯ ಸುಣ್ಣಕಲ್ಲು ಹಾಸಿದೆ. ಒಂದು ದೊಡ್ಡ ಭ್ರಂಶವು ಎರಡನ್ನೂ ಮುರಿದಿದೆ. ಆ ಮುರಿತದಲ್ಲಿ ಜಜ್ಜಿಹೋದ ಸುಣ್ಣಕಲ್ಲಿನಲ್ಲಿಯೂ ಅಡಿಯ ಗ್ರಾನೈಟಿನಲ್ಲಿಯೂ ಯುರೇನಿಯಮ್ ಸೇರಿದೆ. ಇಲ್ಲಿ ಹುಡುಕಿದ್ದು ಜ್ವಾಲಾಮುಖಿಯನ್ನಲ್ಲ. ಆದರೂ ಪ್ರಮಾಣದ ಪಾಠವು ಒಂದೇ. ಯುರೇನಿಯಮ್ಮಿಗೆ ಗಣನೀಯವಾದ ಕಾಂತಗುಣವಿಲ್ಲ. ಅದರ ಬಳಗದಿಂದ ಹೊರಡುವ ಗಾಮಾಕಿರಣವನ್ನು ಮೇಲಿನ ಒಂದು ಮೊಳದಷ್ಟು ಮಣ್ಣೇ ಬಹುಪಾಲು ತಡೆದುಬಿಡುವುದು. ಹಾಗಾಗಿ ಆಕಾಶದಿಂದ ಮಾಡುವ ಕಾಂತಮಾಪನವು ಭ್ರಂಶವನ್ನು ತೋರಬಹುದು, ಅದರಲ್ಲಿ ನೆಲಸಿರುವುದನ್ನು ತೋರಲಾರದು. ಪರಮಾಣು ಖನಿಜ ನಿರ್ದೇಶನಾಲಯದವರು ಕೊರೆದು ನೋಡಿದ ಮೇಲೆಯೇ ಗೋಗಿಯ ನಿಕ್ಷೇಪವು ಸಿದ್ಧವಾದುದು.

ಸಾಮಾನ್ಯ ಓದುಗನಿಗೆ ಇಷ್ಟು ಸೂಕ್ಷ್ಮವೇಕೆಂದು ಕೇಳಬಹುದು. ಗೋಗಿಯಲ್ಲಿ ಗಣಿಯ ಮಾತು ಎದ್ದಾಗ ಊರವರು ತಮ್ಮ ನೀರಿಗಾಗಿಯೂ ಆರೋಗ್ಯಕ್ಕಾಗಿಯೂ ಆಕ್ಷೇಪವೆತ್ತಿದರು. ನೆಲವನ್ನು ನಂಬಿ ಬದುಕುವವನಿಗೆ ಆ ನೆಲದಡಿಯಲ್ಲಿ ಏನೋ ‘ಇದೆ’ ಎಂಬ ಮಾತಿಗೂ ‘ಇದ್ದೀತು’ ಎಂಬ ಮಾತಿಗೂ ನಡುವಣ ಅಂತರವು ವ್ಯಾಕರಣದ ಸೂಕ್ಷ್ಮ ಮಾತ್ರವಲ್ಲ. ಹೊಲವನ್ನು ಮಾರಬೇಕೆ, ಬಾವಿಯನ್ನು ತೋಡಿಸಬೇಕೆ ಎಂಬುದು ಅದರ ಮೇಲೆ ನಿಲ್ಲುವುದು. ಇದೆ, ಇರಬಹುದು, ಇದ್ದೀತು, ಇರಲೇಬೇಕು ಎಂದು ಪ್ರಮಾಣದ ತಾರತಮ್ಯವನ್ನು ಕ್ರಿಯಾಪದದಲ್ಲಿಯೇ ತೋರಬಲ್ಲ ಭಾಷೆ ನಮ್ಮದು. ಸಂಭಾವನೆಯ ಈ ರೂಪಗಳು ಪಾಠಪುಸ್ತಕದ ವ್ಯಾಕರಣಭಾಗದಲ್ಲಿ ಮಾತ್ರ ಉಳಿದು ವಿಜ್ಞಾನದ ಪಾಠಗಳಿಂದ ಜಾರಿಹೋಗುತ್ತಿರುವುದು ಖೇದಕರ. ಅಧ್ಯಾಪಕರು ಇದನ್ನು ತಿದ್ದಬಲ್ಲರು. ಕಾಂತಪಟವನ್ನು ವರ್ಣಿಸುವ ವಾಕ್ಯವು ‘ಇದ್ದೀತು’ ಎಂದು ಮುಗಿಯಲಿ. ಕೊರೆದು ತೆಗೆದ ಕಲ್ಲು ಕೈಗೆ ಬಂದ ಮೇಲೆ ‘ಇದೆ’ ಎಂದು ಬರೆಯೋಣ.